56 ಎಪಿಒದಿಂದ ಬಾಣಂತಿ ಕೋಣೆಗೆ: ನನ್ನ 31 ಪತ್ರಗಳು

2025ರ ಮೇ ತಿಂಗಳು. ಆಪರೇಷನ್ ಸಿಂಧೂರ ಶುರುವಾದ ದಿನಗಳವು. ಮಿಲಿಟರಿಯಲ್ಲಿರುವ ನಮ್ಮ ಓಣಿಯ ಹುಡುಗನೊಬ್ಬ ಹೆಂಡತಿಯ ಹೆರಿಗೆಗೆಂದು ರಜೆ ಹಾಕಿ ಬಂದಿದ್ದ. ನಾಲ್ಕು ದಿನ ಕಳೆಯುವಷ್ಟರಲ್ಲಿ ರಜೆ ರದ್ದಾಗಿ ಚೀಲ ಹೆಗಲಿಗೇರಿಸಿ ಹೊರಟ. ಗದಗ ಸ್ಟೇಷನ್ನಿಗೆ ಹೋಗುವ ಮುಂಚೆ ನಮ್ಮ ಮನೆಯ ಕಟ್ಟೆಗೆ ಬಂದು ನಿಂತು, "ಕಾಕಾ, ಅಲ್ಲಿ ಫೋನ್ ಹತ್ತತೈತೋ ಇಲ್ಲೋ ಗೊತ್ತಿಲ್ಲ. ನಿಮ್ಮ ಕಾಲಕ್ಕ ಹ್ಯಾಂಗ ಮಾಡಿದ್ರಿ?" ಅಂತ ಕೇಳಿದ. ನಿಂತ ಕಾಲಲ್ಲಿ ಹೇಳಿ ಮುಗಿಸುವ ಮಾತಾಗಿರಲಿಲ್ಲ. ಒಂದೆರಡು ಮಾತು ಹೇಳಿ, ಕೈಯಲ್ಲಿ ಹತ್ತು ಇನ್‌ಲ್ಯಾಂಡ್ ಪತ್ರ ಇಟ್ಟು ಕಳಿಸಿದೆ. ಉಳಿದದ್ದನ್ನು ಇಲ್ಲಿ ಸಾವಕಾಶ ಬರೆಯುತ್ತಿದ್ದೇನೆ. ಅವನ ಹಾಗೆ ಇನ್ನೂ ಬೇಕಾದಷ್ಟು ಹುಡುಗರು ಇದ್ದಾರೆ.

ನಾನು ಆರ್ಮಿ ಸರ್ವಿಸ್ ಕೋರ್‌ನಲ್ಲಿ ಡ್ರೈವರ್ ಆಗಿದ್ದೆ. ಊರು ರೋಣ ತಾಲ್ಲೂಕು, ಹೆಂಡತಿಯ ತವರು ಸವಣೂರಿನ ಕಡೆ. 1999ರ ಬೇಸಿಗೆಯಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ನನ್ನ ಗಾಡಿ ಶ್ರೀನಗರ–ಲೇಹ್ ರಸ್ತೆಯ ಮೇಲಿತ್ತು. ಸೋನಾಮಾರ್ಗ್ ಬಿಟ್ಟು, ಜೋಜಿಲಾ ಕಣಿವೆ ಏರಿ ಇಳಿದು, ಗುಮ್ರಿ, ಮಾತಾಯನ್ ದಾಟಿ ದ್ರಾಸ್. ಒಯ್ಯುವಾಗ ರೇಷನ್, ಸೀಮೆಎಣ್ಣೆ, ತೋಪಿನ ಗುಂಡು. ಬರುವಾಗ ಖಾಲಿ ಗಾಡಿ, ಒಮ್ಮೊಮ್ಮೆ ಗಾಯಾಳುಗಳು. ದ್ರಾಸಿನ ನೆತ್ತಿಯ ಮೇಲಿರುವ ತೋಲೋಲಿಂಗ್ ಗುಡ್ಡ ಆಗ ವೈರಿಯ ಕೈಯಲ್ಲಿತ್ತು. ಅಲ್ಲಿ ಕೂತವನಿಗೆ ನಮ್ಮ ರಸ್ತೆ ಅಂಗೈ ಮೇಲಿನ ಗೆರೆಯ ಹಾಗೆ ಕಾಣುತ್ತಿತ್ತು. ಅದಕ್ಕೇ ರಾತ್ರಿ ಹೆಡ್‌ಲೈಟ್ ಆರಿಸಿ ಓಡಿಸುತ್ತಿದ್ದೆವು. ಮುಂದಿನ ಗಾಡಿಯ ಹಿಂದಿನ ಡಿಫರೆನ್ಷಿಯಲ್‌ಗೆ, ಅಂದರೆ ಹಿಂದಿನ ಗಾಲಿಗಳ ನಡುವಿನ ಗುಂಡನೆಯ ಗೇರ್ ಪೆಟ್ಟಿಗೆಗೆ, ಬಿಳಿ ಬಣ್ಣ ಬಳಿದಿರುತ್ತದೆ. ಕತ್ತಲೆಯಲ್ಲಿ ಆ ಬಿಳಿ ಗುಂಡನೆಯದೊಂದನ್ನೇ ನೋಡುತ್ತ ಸ್ಟೀರಿಂಗ್ ಹಿಡಿಯಬೇಕು. ಹಗಲು ಕಾನ್ವಾಯ್ ನಿಂತಾಗ ಪತ್ರ. ಸ್ಟೀರಿಂಗ್ ಮೇಲೆ ಗಾಡಿಯ ಓಟ ಬರೆಯುವ ಕಾರ್ ಡೈರಿ, ಅದರ ಮೇಲೆ ಇನ್‌ಲ್ಯಾಂಡ್. ಜೋಜಿಲಾದ ಮೇಲೆ ಮೇ ತಿಂಗಳ ಮುಂಜಾನೆ ಪೆನ್ನು ಹರಿಯುತ್ತಿರಲಿಲ್ಲ. ರಿಫಿಲ್ ತೆಗೆದು ಎರಡೂ ಅಂಗೈ ನಡುವೆ ತಿಕ್ಕಿ ಬರೆಯುತ್ತಿದ್ದೆ.

ಮಗಳು ಹುಟ್ಟಿದ್ದು ಮೇ 29ಕ್ಕೆ. ನನಗೆ ತಂತಿ ಮುಟ್ಟಿದ್ದು ಜೂನ್ 5ಕ್ಕೆ. ಹೆಣ್ಣು ಮಗು, ಇಬ್ಬರೂ ಕ್ಷೇಮ ಅಂತ ಇಂಗ್ಲಿಷಿನಲ್ಲಿ ಐದಾರು ಪದ. ಲಂಗರಿನ, ಅಂದರೆ ನಮ್ಮ ಅಡುಗೆಮನೆಯ, ಹವಾಲ್ದಾರ ಸಾಬ್ ಒಂದು ಹಿಡಿ ಸಕ್ಕರೆ ತಂದು ಬಾಯಿಗೆ ಹಾಕಿದರು. ಅಷ್ಟರಲ್ಲಿ ಊರಲ್ಲಿ ಐದೇಶಿ ಮುಗಿದುಹೋಗಿತ್ತು. ಐದನೆಯ ರಾತ್ರಿ ಶೆಟಗೆವ್ವ ಬಂದು ಮಗುವಿನ ಹಣೆಬರಹ ಬರೆಯುತ್ತಾಳೆ ಅಂತ ನಮ್ಮ ಕಡೆಯ ನಂಬಿಕೆ. ಅವಳಿಗೆ ಬರೆಯಲು ಪೆನ್ನು, ಹಾಳೆ ಇಡುತ್ತಾರೆ. ಮನೆಯಲ್ಲಿ ಬೇರೆ ಹಾಳೆ ಕೈಗೆ ಸಿಗದೆ ನಮ್ಮ ಅತ್ತೆ ನನ್ನ ಎರಡನೇ ಪತ್ರವನ್ನೇ ಬಿಚ್ಚಿ ಕೂಸಿನ ತಲೆದೆಸೆಗೆ ಇಟ್ಟಿದ್ದರಂತೆ. ಈ ಸುದ್ದಿ ನನಗೆ ಗೊತ್ತಾದದ್ದು ತಿಂಗಳ ಮೇಲೆ. ಗೊತ್ತಾದ ದಿನ ನಿದ್ದೆ ಹತ್ತಲಿಲ್ಲ. ಯಾಕೆಂದರೆ ಆ ಎರಡನೇ ಪತ್ರದಲ್ಲಿ ನಾನು ಸುಳ್ಳು ಬರೆದಿದ್ದೆ.

ಏನು ಸುಳ್ಳು ಅಂದರೆ, "ನಾನು ಹಿಂದೆ ಸ್ಟೋರಿನಲ್ಲಿದ್ದೇನೆ, ಲೆಕ್ಕ ಬರೆಯುವ ಕೆಲಸ, ಗುಂಡಿನ ಸಪ್ಪಳವೂ ಕೇಳುವುದಿಲ್ಲ" ಅಂತ. ತುಂಬು ಬಸುರಿ ಗಾಬರಿಯಾಗಬಾರದು ಅನ್ನುವುದು ನನ್ನ ಲೆಕ್ಕ. ಆದರೆ ಆ ಯುದ್ಧ ಟೀವಿಯಲ್ಲಿ ಮನೆಮನೆಗೆ ಬರುತ್ತಿತ್ತು. ಸವಣೂರಿನ ಕಡೆಯ ಆ ಸಣ್ಣ ಹಳ್ಳಿಯಲ್ಲೂ ಜನ ಗುಂಪುಗೂಡಿ ನೋಡುತ್ತಿದ್ದರು. ನನ್ನ ಸುಳ್ಳು ನಿಂತದ್ದು ಮೂರು ವಾರ ಅಷ್ಟೆ. ಜೂನ್ 26ಕ್ಕೆ ಅವಳ ಪತ್ರ ಬಂತು. ಬಾಣಂತಿ ಓದುಬರಹ ಮಾಡಿದರೆ ಕಣ್ಣು ಹೋಗುತ್ತವೆ ಅಂತ ಹಿರಿಯರು ಬಿಡುವುದಿಲ್ಲ. ಅವಳು ಎಲ್ಲರೂ ಮಲಗಿದ ಮೇಲೆ ಹೊರಸಿನ ಮೇಲೆ ಎದ್ದು ಕೂತು ಬರೆದದ್ದು. ಏಳನೇ ಇಯತ್ತೆಯವರೆಗೆ ಓದಿದ ಅವಳಿಗೆ ಪುಸ್ತಕದ ಕನ್ನಡ ಬೇಕಿರಲಿಲ್ಲ, ಮಾತಾಡಿದ ಹಾಗೆಯೇ ಬರೆದಿದ್ದಳು:

"ಸ್ಟೋರಿನ್ಯಾಗ ಅದೀನಿ ಅಂತ ಬರದೀರಿ. ಟೀವಿಯೊಳಗ ನಿಮ್ಮಂಥಾ ಗಾಡಿ ಸಾಲ ಹಿಡದು ಹೊಂಟಿದ್ದು ನೋಡೇನಿ. ಸುಳ್ಳ ಬರೀಬ್ಯಾಡ್ರಿ. ಹೇಳಾಕ ಬರಲಾರದ್ದಿದ್ರ ಹೇಳಾಕ ಬರೂದಿಲ್ಲ ಅಂತ ಬರೀರಿ. ಒಂದು ಸುಳ್ಳ ಆದ್ರ ಉಳದದ್ದೂ ಎಲ್ಲಾ ಸುಳ್ಳ ಅನಸ್ತೈತಿ. ನೀವು ಆರಾಮ ಅದೀನಿ ಅಂದಿದ್ದೂ."

ಈ ಪತ್ರ ನನಗೆ ಪತ್ರ ಬರೆಯುವುದನ್ನು ಕಲಿಸಿತು. ಜೂನ್ 8ರಿಂದ 17ರವರೆಗೆ ನಾನು ಒಂದಕ್ಷರವೂ ಬರೆದಿರಲಿಲ್ಲ. ಹದಿನೆಂಟಕ್ಕೆ "ಕೆಲಸ ಜಾಸ್ತಿ ಇತ್ತು" ಅಂತ ಗೀಚಿ ಕಳಿಸಿದ್ದೆ. ಅವಳ ಮಾತು ಓದಿದ ಮೇಲೆ ಇನ್ನೊಂದು ಇನ್‌ಲ್ಯಾಂಡ್ ತೆಗೆದು, "ಆ ಹತ್ತು ದಿನದ್ದು ಹೇಳಾಕ ಬರೂದಿಲ್ಲ. ನಾನು ಆರಾಮ ಅದೀನಿ ಅನ್ನೂದು ಖರೇ" ಅಂತ ಬರೆದೆ. ಅದರ ಬಗ್ಗೆ ಅವಳು ಇವತ್ತಿನವರೆಗೆ ಕೇಳಿಲ್ಲ. ಇಲ್ಲಿಯೂ ನಾನು ಅದನ್ನು ಬರೆಯುವುದಿಲ್ಲ. ಜೂನ್ 13ಕ್ಕೆ ತೋಲೋಲಿಂಗ್ ನಮ್ಮ ಕೈಗೆ ಬಂತು, ಆಮೇಲೆ ರಸ್ತೆ ಮೇಲೆ ಉಸಿರಾಡಲು ಸ್ವಲ್ಪ ಜಾಗ ಸಿಕ್ಕಿತು ಅನ್ನುವಷ್ಟು ಸಾಕು.

ಇನ್ನು ಕೆಲಸಕ್ಕೆ ಬರುವ ಮಾತು.

ಪತ್ರಕ್ಕೆ ನಂಬರ್ ಹಾಕಬೇಕು. ನಮ್ಮ ವಿಳಾಸದಲ್ಲಿ ಊರಿನ ಹೆಸರು ಇರುತ್ತಿರಲಿಲ್ಲ. ನಂಬರ್, ರ‍್ಯಾಂಕ್, ಹೆಸರು, ಯುನಿಟ್, ಕೇರ್ ಆಫ್ 56 ಎಪಿಒ (ಆರ್ಮಿ ಪೋಸ್ಟ್ ಆಫೀಸು), ಅಷ್ಟೇ. ಎಲ್ಲ ಟಪಾಲು ದಿಲ್ಲಿಯ ಬೇಸ್ ಪೋಸ್ಟ್ ಆಫೀಸಿಗೆ ಹೋಗಿ, ಅಲ್ಲಿ ಯುನಿಟ್ ನೋಡಿ ಬೇರೆ ಮಾಡಿ, ಫೀಲ್ಡ್ ಪೋಸ್ಟ್ ಆಫೀಸಿಗೆ ಕಳಿಸುತ್ತಾರೆ. ಯುನಿಟ್ ಎಲ್ಲಿಗೆ ಹೋದರೂ ಮನೆಯವರು ವಿಳಾಸ ಬದಲಿಸಬೇಕಿಲ್ಲ. 56 ಎಪಿಒ ಅನ್ನುವುದು ಕಾಶ್ಮೀರದ ಒಂದು ಊರು ಅಂತಲೇ ನಮ್ಮ ಮಾವ ತಿಳಿದಿದ್ದರು. ನಮ್ಮ ಪತ್ರ ಮನೆ ಮುಟ್ಟಲು ಒಂಬತ್ತರಿಂದ ಹದಿನಾಲ್ಕು ದಿನ ಹಿಡಿಯುತ್ತಿತ್ತು, ಐದನೆಯದು ನಾಲ್ಕನೆಯದಕ್ಕಿಂತ ಮೊದಲು ಮುಟ್ಟುತ್ತಿತ್ತು. ನಂಬರ್ ಇಲ್ಲದಿದ್ದರೆ ಅವಳು ಹಳೆಯ ಜ್ವರದ ಸುದ್ದಿಯನ್ನು ಇವತ್ತಿನದು ಅಂತ ಓದಿ ಅಳುತ್ತಾಳೆ. ಪ್ರತಿ ಪತ್ರದ ತಲೆಗೆ ನನ್ನ ನಂಬರ್, ತಾರೀಖು, ಕೆಳಗೆ "ನಿನ್ನ 4 ಮುಟ್ಟಿತು, 3 ಮುಟ್ಟಿಲ್ಲ" ಅಂತ ಒಂದು ಸಾಲು. ಮೇ ತಿಂಗಳಿಂದ ನವೆಂಬರ್‌ವರೆಗೆ ನನ್ನವು 31, ಅವಳವು 19.

ವಿಳಾಸದ ಇನ್ನೊಂದು ಮಾತು. ಗದಗ, ಹಾವೇರಿ ಬೇರೆ ಜಿಲ್ಲೆಯಾಗಿ ಆಗ ಎರಡು ವರ್ಷವೂ ತುಂಬಿರಲಿಲ್ಲ. ಕೈ ತಾನಾಗಿ ಧಾರವಾಡ ಜಿಲ್ಲೆ ಅಂತ ಬರೆದುಬಿಡುತ್ತಿತ್ತು. ಒಂದು ಪತ್ರ ಸುತ್ತಾಡಿ ತಡವಾಗಿ ಮುಟ್ಟಿದ ಮೇಲೆ ಪಿನ್‌ಕೋಡನ್ನು ದೊಡ್ಡದಾಗಿ ಬರೆಯುವುದು ರೂಢಿ ಮಾಡಿಕೊಂಡೆ.

ಎರಡು ಮನೆಗೂ ಬರೆಯಬೇಕು. ಹೆಂಡತಿ ತವರಲ್ಲಿದ್ದಳು, ಅಪ್ಪ ಅವ್ವ ರೋಣದ ಕಡೆ ಇದ್ದರು. ತವರಿಗೆ ಮೂರು ಪತ್ರ ಹೋಗಿ ಇತ್ತ ಒಂದೂ ಬರದಿದ್ದರೆ ಅವ್ವ ಬಾಯಿಬಿಟ್ಟು ಹೇಳುವುದಿಲ್ಲ, ಊಟ ಬಿಡುತ್ತಾಳೆ. ಮುಂಗಾರು ಕಾಲ ಬೇರೆ. ಅಪ್ಪನಿಗೆ ಹೆಸರು ಬಿತ್ತುವ ಹೊಲ, ಎತ್ತು, ಸೊಸೈಟಿ ಸಾಲದ ಬಗ್ಗೆ ಬರೆದರೆ ಅವನಿಗೆ ಮಗ ಹತ್ತಿರವಿದ್ದ ಹಾಗೆ. "ಎರಿ ಹೊಲಕ್ಕ ಏನು ಹಾಕೂದು, ನೀನ ಹೇಳು" ಅಂತ ಅವನು ಕೇಳಿದಾಗ ನಾನು ಗಂಟೆಗಟ್ಟಲೆ ಯೋಚಿಸಿ ಉತ್ತರ ಬರೆದಿದ್ದೇನೆ. ಅದು ಮುಟ್ಟುವ ಹೊತ್ತಿಗೆ ಬಿತ್ತನೆ ಮುಗಿದಿರುತ್ತದೆ ಅಂತ ಅವನಿಗೂ ಗೊತ್ತು, ನನಗೂ ಗೊತ್ತು.

ಪತ್ರ ಒಬ್ಬರೇ ಓದುವುದಿಲ್ಲ. ಇದನ್ನು ಹೊಸ ಹುಡುಗರು ಮರೆಯುತ್ತಾರೆ. ಟಪಾಲು ಬಂದರೆ ಮಾವ ಪಡಸಾಲೆಯಲ್ಲಿ ಕೂತು "ಓದ್ರಿ ಜೋರಾಗಿ" ಅನ್ನುವವರು. ಓಣಿಯವರೂ ಬಂದು ನಿಲ್ಲುತ್ತಾರೆ. ಹಾಗಾಗಿ ಮೇಲಿನ ಭಾಗ ಎಲ್ಲರಿಗೂ: ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ, ಉಭಯ ಕುಶಲೋಪರಿ ಸಾಂಪ್ರತ, ಮಳೆ ಹೇಗಿದೆ, ಮನಿಆರ್ಡರ್ ಮುಟ್ಟಿತೇ. ಹೆಂಡತಿಗೆ ಮಾತ್ರ ಹೇಳುವುದನ್ನು ಇನ್‌ಲ್ಯಾಂಡಿನ ಅಂಚಿಗೆ ಅಂಟು ಹಚ್ಚುವ ಮಡಿಕೆ ಇರುತ್ತದಲ್ಲ, ಅದರ ಒಳಮೈಗೆ ಬರೆಯುತ್ತಿದ್ದೆ. ಪತ್ರ ಒಡೆಯುವಾಗ ಅವಳು ಆ ಪಟ್ಟಿಯನ್ನು ಮೊದಲು ಹರಿದು ಸೆರಗಿನ ಗಂಟಿಗೆ ಕಟ್ಟಿಕೊಂಡು, ಉಳಿದದ್ದನ್ನು ಮಾವನ ಕೈಗೆ ಕೊಡುತ್ತಿದ್ದಳು. ಮೂರು ಸಾಲಿಗಿಂತ ಹೆಚ್ಚು ಹಿಡಿಸದ ಜಾಗ. ಮೂರು ಸಾಲಿನಲ್ಲಿ ಹೇಳಲು ಕೂತರೆ ಬೇಡವಾದದ್ದು ತಾನೇ ಉದುರುತ್ತದೆ. ಮದುವೆಯಾಗಿ ಎರಡು ವರ್ಷದಲ್ಲಿ ಮುಖ ನೋಡಿ ಹೇಳಲಾಗದ ಮಾತು ಆ ಪಟ್ಟಿಯಲ್ಲಿ ಬರೆದಿದ್ದೇನೆ.

ಪ್ರಶ್ನೆ ಕೇಳಬೇಕು, ಆದರೆ ಹಳಸದ ಪ್ರಶ್ನೆ ಕೇಳಬೇಕು. ಪ್ರಶ್ನೆ ಹೋಗಿ ಉತ್ತರ ಬರಲು ಇಪ್ಪತ್ತೈದು ದಿನ. "ಕೂಸಿನ ನೆಗಡಿ ಹೋಯಿತೇ?" ಅಂತ ಕೇಳಿ ಇಪ್ಪತ್ತೈದು ದಿನ ಕಾಯುವುದು ತನಗೆ ತಾನೇ ಶಿಕ್ಷೆ ಕೊಟ್ಟುಕೊಂಡ ಹಾಗೆ. ನಾನು ಬೇರೆ ಥರ ಕೇಳುತ್ತ ಹೋದೆ. ಎಣ್ಣೆ ಹಚ್ಚಿ ಎರೆಯುವವರು ಯಾರು, ಎರೆಯುವಾಗ ಏನು ಹಾಡುತ್ತಾರೆ, ಹೊದಿಸಿದ ಕೌದಿ ಯಾವ ಸೀರೆಗಳದ್ದು, ಯಾರ ದನಿ ಕೇಳಿದರೆ ಹೊರಳುತ್ತಾಳೆ, ತೊಟ್ಟಿಲು ಯಾವ ಜಂತಿಗೆ ಕಟ್ಟಿದ್ದೀರಿ. ಉತ್ತರಗಳು ಬಂದಂತೆ ಆ ಬಾಣಂತಿ ಕೋಣೆ ನನ್ನ ಕಣ್ಣ ಮುಂದೆ ಕಟ್ಟುತ್ತ ಹೋಯಿತು. ಕೌದಿಯಲ್ಲಿ ಅವಳ ನಿಶ್ಚಯದ ಸೀರೆಯ ತುಂಡಿದೆ, ಬಾಗಿಲ ಸಂದಿಯಿಂದ ಬಿಸಿಲು ಕೂಸಿನ ಕಾಲಿಗೆ ಬೀಳುತ್ತದೆ, ಬಜೆ ತೇಯುವ ಕಲ್ಲು ಕಿಟಕಿಯಲ್ಲಿದೆ. ರಾತ್ರಿ ಬಿಳಿ ಗುಂಡನೆಯದನ್ನು ನೋಡುತ್ತ ಗಾಡಿ ಓಡಿಸುವಾಗ ನಾನು ಆ ಕೋಣೆಯ ಸಾಮಾನು ಒಂದೊಂದಾಗಿ ಎಣಿಸುತ್ತಿದ್ದೆ. ನಿದ್ದೆ ತಡೆಯಲು ಅದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ.

ಹೆಸರಿನ ವಿಷಯದಲ್ಲಿ ಸೋತೆ. ಆ ವರ್ಷ ಅಧಿಕ ಜ್ಯೇಷ್ಠ. ಅಧಿಕ ಮಾಸ ಕಳೆದು ನಿಜ ಜ್ಯೇಷ್ಠ ಹುಟ್ಟಲಿ ಅಂತ ಹಿರಿಯರು ತೊಟ್ಟಿಲ ಕಾರ್ಯ ಮುಂದೆ ಹಾಕಿದ್ದರು, ನನ್ನ ಪತ್ರಕ್ಕೂ ಕಾದರು. ಜೂನ್ 17ಕ್ಕೆ ನನ್ನ ಅಕ್ಕ, ಕೂಸಿನ ಸೋದರತ್ತೆ, ಕಿವಿಯಲ್ಲಿ ಮನೆದೇವರ ಹೆಸರು ಕೂಗಿದಳು. ನಾನು ಆರಿಸಿದ ಹೆಸರು ಹೊತ್ತ ಪತ್ರ ಮುಟ್ಟಿದ್ದು ಇಪ್ಪತ್ತಕ್ಕೆ. ಮೂರು ದಿನ ತಡ. ಹೆಂಡತಿ ಅದನ್ನು ವ್ಯರ್ಥ ಮಾಡಲಿಲ್ಲ, ಆ ಹೆಸರಿನಿಂದ ತಾನೊಬ್ಬಳೇ ಕರೆದಳು. ಈಗಲೂ ಮನೆಯಲ್ಲಿ ಮಗಳಿಗೆ ಎರಡು ಹೆಸರು. ಎರಡನ್ನೂ ಇಲ್ಲಿ ಬರೆಯುವುದಿಲ್ಲ, ಅವಳೀಗ ಇನ್ನೊಂದು ಮನೆಯ ಸೊಸೆ.

ಕೂಸಿಗೆ ಏನು ಬರೆಯುವುದು? ಮೊದಲು ನಾನು ದೊಡ್ಡ ದೊಡ್ಡ ಮಾತು ಬರೆದೆ. ಓದಿ ಶಾಣ್ಯಾಳಾಗು, ಅವ್ವನ ಮಾತು ಕೇಳು, ಅಪ್ಪ ದೇಶದ ಕೆಲಸದಲ್ಲಿದ್ದಾನೆ. ಹೆಂಡತಿ ಬರೆದಳು, "ಇವನ್ನ ಓದಿದ್ರ ಆಕಿ ಮಕ್ಕೊಂತಾಳ್ರಿ. ನೀವು ನೋಡಿದ್ದು ಏನರ ಹೇಳ್ರಿ." ನೋಡಿದ್ದು ಹೇಳುವುದು ಸುಲಭವಿರಲಿಲ್ಲ. ಜಾಗದ ಹೆಸರು, ಎಷ್ಟು ಗಾಡಿ, ಯಾವಾಗ ಎಲ್ಲಿಗೆ, ಯಾವುದನ್ನೂ ಬರೆಯಬಾರದು. ಕೊನೆಗೆ ಸಿಕ್ಕಿದ್ದು ಒಂದು ಪ್ರಾಣಿ. ಜೋಜಿಲಾ ಆಚೆ ಹುಲ್ಲುಗಾವಲಲ್ಲಿ ಬಿಲ ತೋಡಿಕೊಂಡಿರುತ್ತದೆ, ಅಳಿಲಿನ ಜಾತಿ, ಬೆಕ್ಕಿಗಿಂತ ದಪ್ಪ, ಹಿಂಗಾಲ ಮೇಲೆ ನಿಂತು ಸಿಳ್ಳೆ ಹಾಕುತ್ತದೆ. ಮಾರ್ಮಟ್ ಅನ್ನುತ್ತಾರೆ ಅಂತ ಆಮೇಲೆ ತಿಳಿಯಿತು, ಆಗ ನಾನು "ಸಿಳ್ಳಿ ಅಳಿಲು" ಅಂತ ಬರೆದೆ. ಇವತ್ತು ಸಿಳ್ಳಿ ಅಳಿಲು ನನ್ನ ಗಾಡಿ ನೋಡಿತು, ಇವತ್ತು ಮರಿಗಳನ್ನು ಹೊರಗೆ ತಂದಿತ್ತು, ಇವತ್ತು ಮಳೆಗೆ ಒಳಗೇ ಕೂತಿದೆ. ಪ್ರತಿ ಪತ್ರದ ಕೊನೆಗೆ ನಾಲ್ಕು ಸಾಲು. ಅವಳು ಅದನ್ನು ಓದುತ್ತ ಸಿಳ್ಳೆ ಹಾಕಿದರೆ ಕೂಸು ಕಣ್ಣರಳಿಸುತ್ತಿತ್ತಂತೆ. ಮನೆತನಸ್ಥ ಹೆಣ್ಣುಮಗಳು ಸಿಳ್ಳೆ ಹಾಕುವುದು ನಮ್ಮ ಹಳ್ಳಿಯಲ್ಲಿ ಸಣ್ಣ ಮಾತಲ್ಲ. ಅವಳು ಹಾಕಿದಳು.

ಈಗ ಎಲ್ಲಕ್ಕಿಂತ ಕಷ್ಟದ ಪತ್ರದ ಬಗ್ಗೆ. ನನ್ನ 14ನೇ ನಂಬರಿನದು.

ಮಗು ಹುಟ್ಟಿದರೆ ಯುನಿಟ್ಟಿನಲ್ಲಿ ಪಾರ್ಟ್ ಟು ಆರ್ಡರ್ ಆಗಬೇಕು. ಆಗಲೇ ಮಗುವಿನ ಹೆಸರು ಬೆಂಗಳೂರಿನ ರೆಕಾರ್ಡ್ಸ್ ಆಫೀಸಿನ ನಮ್ಮ ಕಾಗದಪತ್ರಕ್ಕೆ ಏರುತ್ತದೆ. ಅದಕ್ಕೆ ಜನನ ಪ್ರಮಾಣಪತ್ರ ಬೇಕು. ಕಾಗದದ ಮೇಲೆ ಇಲ್ಲದ ಮಗುವಿಗೆ, ಅಪ್ಪನಿಗೆ ಏನಾದರೂ ಆದರೆ, ಅಮ್ಮ ಎಷ್ಟು ಬಾಗಿಲು ತಿರುಗಬೇಕು ಅಂತ ನಾನು ನೋಡಿದ್ದೆ. ಆದರೆ ಹಸಿ ಬಾಣಂತಿಗೆ ಇದನ್ನು ಹೇಗೆ ಕೇಳುವುದು? ಜನನ ಪ್ರಮಾಣಪತ್ರ ಬೇಗ ಕಳಿಸು ಅಂದರೆ ಯಾಕೆ ಬೇಗ ಅಂತ ಅವಳಿಗೆ ತಿಳಿಯದೇ ಇರುವುದಿಲ್ಲ. ನಾಲ್ಕು ದಿನ ಬರೆಯದೆ ತಿರುಗಿದೆ. ರೇಷನ್‌ಗೆ ಬೇಕು, ಕ್ಯಾಂಟೀನ್ ಕಾರ್ಡಿಗೆ ಬೇಕು ಅಂತ ನೆಪ ಬಂದವು. ಅವಳ ಮಾತು ನೆನಪಾಗಿ ನೆಪ ಬಿಟ್ಟೆ. ಮೇಲಿನ ಭಾಗದಲ್ಲಿ ಮಾವನಿಗೆ, "ಜನನ ದಾಖಲೆಯ ಎರಡು ಪ್ರತಿ ರಜಿಸ್ಟರ್ ಪೋಸ್ಟಿನಲ್ಲಿ ಕಳಿಸಿರಿ, ಸರಕಾರಿ ಕಾಗದಕ್ಕೆ ಬೇಕು" ಅಂತ ಬರೆದೆ. ಮಡಿಕೆಯ ಪಟ್ಟಿಯಲ್ಲಿ ಅವಳಿಗೆ: "ಯಾಕೆ ಅಂತ ನಿನಗೆ ಗೊತ್ತು. ಪೆಟ್ಟಿಗೆಯಲ್ಲಿ ಹಸಿರು ಡೈರಿ ಇದೆ, ಪಾಸ್‌ಬುಕ್, ಇನ್ಶೂರೆನ್ಸ್, ಯಾರಿಗೆ ಎಷ್ಟು ಕೊಡಬೇಕು ಎಲ್ಲ ಬರೆದಿದ್ದೇನೆ. ಇದು ಒಮ್ಮೆ ಮಾತ್ರ ಹೇಳುವ ಮಾತು."

ರಜಿಸ್ಟರ್ ಲಕೋಟೆ ಜುಲೈ ಮೂರನೇ ವಾರ ಬಂತು. ಎರಡು ಪ್ರತಿ ಕೇಳಿದ್ದೆ, ಮೂರು ಇದ್ದವು. ಜೊತೆಗೆ ಅವಳ ಚೀಟಿ: "ಡೈರಿ ನೋಡಿದೆ. ನಿಮ್ಮ ಗೆಳೆಯಾಗ ಕೊಡೂದು ಐನೂರು ಕೊಟ್ಟು ತೀರಿಸೇನಿ. ಇನ್ನ ಆ ಮಾತು ಮುಗೀತು." ಪಾರ್ಟ್ ಟು ಆರ್ಡರ್ ಆದ ದಿನ ನನ್ನ ಹೆಗಲಿನ ಮೇಲಿನ ಚೀಲ ಯಾರೋ ಇಳಿಸಿಕೊಂಡ ಹಾಗಾಯಿತು. ಹೊಸ ಹುಡುಗರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಇದನ್ನೇ: ಪ್ರೀತಿಯ ಮಾತು ನಾಳೆ ಬರೆದರೂ ನಡೆಯುತ್ತದೆ, ಈ ಪತ್ರ ಇವತ್ತೇ ಬರೆಯಿರಿ. 2016ರ ಫೆಬ್ರವರಿಯಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್ ಹಿಮದಡಿ ಸಿಕ್ಕು, ಆರು ದಿನದ ಮೇಲೆ ಜೀವಂತ ಹೊರಬಂದು, ದಿಲ್ಲಿಯಲ್ಲಿ ತೀರಿಕೊಂಡಾಗ ನಾನು ಬೆಟದೂರಿಗೆ ಹೋಗಿದ್ದೆ. ಅವರಿಗೂ ಸಣ್ಣ ಮಗಳು. ಆ ಜನಸಾಗರದ ನಡುವೆ ನನ್ನ ಕಣ್ಣೆದುರು ಬಂದದ್ದು ನನ್ನ 14ನೇ ಪತ್ರ.

ಜುಲೈ 4ಕ್ಕೆ ಟೈಗರ್ ಹಿಲ್ ಕೂಡ ನಮ್ಮ ಕೈಗೆ ಬಂತು, 26ಕ್ಕೆ ಯುದ್ಧ ಮುಗಿದ ಘೋಷಣೆ. ನಮ್ಮ ಓಡಾಟ ಮುಗಿಯಲಿಲ್ಲ, ಚಳಿಗಾಲಕ್ಕೆ ದಾರಿ ಮುಚ್ಚುವ ಮುಂಚೆ ಸಾಮಾನು ಏರಿಸಬೇಕು. ಪತ್ರಗಳು ನಡೆದೇ ಇದ್ದವು.

ಇನ್‌ಲ್ಯಾಂಡಿನ ಒಳಗೆ ಏನೂ ಇಡುವ ಹಾಗಿಲ್ಲ, ಫೋಟೋ ತೆಗೆಸಲು ಬಾಣಂತಿಯನ್ನು ಹೊರಗೆ ಬಿಡುವುದಿಲ್ಲ. ಅದಕ್ಕೆ ಅವಳು ಒಂದು ಉಪಾಯ ಮಾಡಿದ್ದಳು. ಪತ್ರದ ಅಂಚಿಗೆ ಕೂಸಿನ ಪಾದ ಇಟ್ಟು, ಹಿಮ್ಮಡಿಗೊಂದು ಹೆಬ್ಬೆರಳಿಗೊಂದು ಪೆನ್ನಿನ ಗೆರೆ ಎಳೆದು, ನಡುವೆ ತಾರೀಖು ಹಾಕುತ್ತಿದ್ದಳು. ಪತ್ರ ಬಂದೊಡನೆ ನಾನು ಆ ಅಳತೆಯನ್ನು ನನ್ನ ಬೆಲ್ಟಿನ ಒಳಮೈಗೆ ಬಾಲ್‌ಪೆನ್ನಿನಿಂದ ಇಳಿಸಿಕೊಳ್ಳುತ್ತಿದ್ದೆ. ಬಕಲ್ಲಿನ ಬದಿಯಿಂದ ಅಳತೆ ಶುರು, ಅಳತೆ ಇದ್ದ ಪ್ರತಿ ಪತ್ರಕ್ಕೆ ಒಂದು ಗೆರೆ. ಜೂನಿನ ಗೆರೆಯಿಂದ ಜುಲೈನದು ಕೂದಲೆಳೆಯಷ್ಟು ಮುಂದೆ, ಆಗಸ್ಟಿನದು ಕಾಣುವಷ್ಟು ಮುಂದೆ. ಅಕ್ಟೋಬರ್‌ವರೆಗೆ ಒಂಬತ್ತು ಗೆರೆ.

ನವೆಂಬರಿನಲ್ಲಿ ಛುಟ್ಟಿ ಸಿಕ್ಕಿತು. ಹುಬ್ಬಳ್ಳಿಯಲ್ಲಿ ರೈಲು ಇಳಿದು ಸವಣೂರಿನ ಬಸ್ಸು ಹತ್ತಿ ಸಂಜೆಗೆ ಮುಟ್ಟಿದೆ. ಮಗಳು ನನ್ನ ಮೀಸೆ ನೋಡಿ ಕಿರುಚಿ ಅತ್ತಳು, ಅತ್ತೆಯ ಕೊರಳು ಬಿಡಲಿಲ್ಲ. ನಾನು ದೂರ ಗೋಡೆಗೆ ಕೂತು ಮೆಲ್ಲಗೆ ಸಿಳ್ಳೆ ಹಾಕಿದೆ. ಅಳು ನಿಲ್ಲಿಸಿ ಅವ್ವನ ಮುಖ ನೋಡಿದಳು, ಆಮೇಲೆ ನನ್ನದು. ರಾತ್ರಿ ಅವಳು ಮಲಗಿದ ಮೇಲೆ ಬೆಲ್ಟು ಬಿಚ್ಚಿ, ಕೌದಿ ಸರಿಸಿ, ಬಕಲ್ಲಿನ ಬದಿಗೆ ಹಿಮ್ಮಡಿ ಹೊಂದಿಸಿದೆ. ಹೆಂಡತಿ ದೀಪ ಹಿಡಿದಿದ್ದಳು. ಹೆಬ್ಬೆರಳು ಕೊನೆಯ ಗೆರೆ ದಾಟಿ ಒಂದು ಕಾಳಿನಷ್ಟು ಆಚೆಗಿತ್ತು.